ಪ್ರಶ್ನೆ ಓದದೆ ಬರೆದ ಉತ್ತರ

ಕಳೆದ ವಾರ ನನ್ನ ಲ್ಯಾಪ್‌ಟಾಪ್ ಹಠಾತ್ತನೆ ಕಣ್ಮುಚ್ಚಿತು. ತಣಿದರೆ ಎಚ್ಚರ, ಹತ್ತು ನಿಮಿಷಕ್ಕೆ ಮತ್ತೆ ಮೌನ. 'ನುಡಿ'ಯಲ್ಲಿ ಬರೆದಿಟ್ಟ ಬುಕ್ಕಸಾಗರದ ನೆನಪುಗಳೆಲ್ಲ ಅದರೊಳಗೇ, ಬೇರೆಡೆ ಪ್ರತಿಯಿರಲಿಲ್ಲ. ಹೊಸಪೇಟೆಯ ಅಂಗಡಿಯವನೊಬ್ಬ ಬಿಚ್ಚಿಯೂ ನೋಡದೆ, "ಮದರ್‌ಬೋರ್ಡ್ ಹೋಗೈತ್ರಿ ಸರ್, ಹೊಸಾದು ತಗೊಳ್ರಿ" ಎಂದ. ಪ್ರಶ್ನೆಯನ್ನೇ ಓದದೆ ಉತ್ತರ ಬರೆದವರಿಗೆ ನಾನು ಅಂಕ ಕೊಟ್ಟವನಲ್ಲ (ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು!). ಬೋರ್ಡು ಸತ್ತಿದ್ದರೆ ತಣಿದಾಗ ಏಳುವುದೇಕೆ? ಅಳಿಯ ಬಿಚ್ಚಿದ, ಫ್ಯಾನಿನ ತುಂಬ ನಮ್ಮೂರ ಧೂಳು. ಶಾಖ ಮಿತಿಮೀರಿದರೆ ಸುಟ್ಟುಹೋಗದಿರಲೆಂದು ಯಂತ್ರ ತಾನೇ ಆರಿಹೋಗುತ್ತದೆ. ಧೂಳು ತೆಗೆದು ಥರ್ಮಲ್ ಪೇಸ್ಟ್ ಹಚ್ಚಿದೆವು, ಸರಿಹೋಯಿತು. ಬೋರ್ಡು ಕೆಟ್ಟಿದ್ದರೂ ಡಿಸ್ಕನ್ನು ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿ ಬರಹ ಉಳಿಸಬಹುದಿತ್ತು. ಅದನ್ನಾತ ಹೇಳಲೇ ಇಲ್ಲ. ನನ್ನ ಮುಖ್ಯ ಆಕ್ಷೇಪ ಅದೇ. ಪೆನ್‌ಡ್ರೈವ್‌ಗೆ ಪ್ರತಿ ಇಳಿಸಿಕೊಂಡ ಮೇಲೆಯೇ ಇದನ್ನು ಬರೆಯಲು ಕುಳಿತೆ.