ಆ ಶನಿವಾರ ಯೇಸು ಎಲ್ಲಿದ್ದ?

ಶುಕ್ರವಾರ ಶಿಲುಬೆಯ ಮೇಲೆ ಪ್ರಾಣಬಿಟ್ಟ ಯೇಸು ಭಾನುವಾರ ಎದ್ದುಬಂದ ಎಂಬುದು ಕ್ರೈಸ್ತರ ನಂಬಿಕೆ. ನಡುವಿನ ಶನಿವಾರ ಅವನು ಎಲ್ಲಿದ್ದ? ಅಪೊಸ್ತಲರ ವಿಶ್ವಾಸಪ್ರಮಾಣ ತುಂಡು ಮಾತಿನಲ್ಲಿ ಉತ್ತರ ಕೊಡುತ್ತದೆ: ಸತ್ತವರ ಲೋಕಕ್ಕೆ ಇಳಿದ. ಈ ಮಾತನ್ನು ಉಳಿಸಿಕೊಳ್ಳಬೇಕೋ ಕೈಬಿಡಬೇಕೋ ಎಂಬ ಜಗಳ ಹಳೆಯದು. ಉಳಿಯಲಿ ಎನ್ನುವ ಕಡೆಯವನು ನಾನು.

ಅರ್ಧ ಜಗಳ ಪದದ್ದೇ. ಹೀಬ್ರೂವಿನ ಶಿಯೋಲ್ ಎಂದರೆ ಒಳ್ಳೆಯವರು ಕೆಟ್ಟವರೆನ್ನದೆ ಸತ್ತವರೆಲ್ಲ ಸೇರುವ ಮಬ್ಬು ಜಾಗ. ಗ್ರೀಕಿನಲ್ಲಿ ಅದು ಹೇಡಿಸ್ ಆಯಿತು. ಬೆಂಕಿಯ ಶಿಕ್ಷೆಗೆ ಗೆಹೆನ್ನ ಎಂಬ ಬೇರೆ ಹೆಸರೇ ಇದೆ. ಇಂಗ್ಲಿಷಿನವರು ಎರಡನ್ನೂ ‘ಹೆಲ್’ ಎಂಬ ಒಂದೇ ಚೀಲಕ್ಕೆ ತುಂಬಿದ್ದರಿಂದ, ಪಾಪವಿಲ್ಲದವನು ನರಕಕ್ಕೆ ಹೋದನೇ ಎಂಬ ದಿಗಿಲು ಹುಟ್ಟಿತು. ಕನ್ನಡ ಬೈಬಲ್ ಶಿಯೋಲನ್ನು ಪಾತಾಳವೆಂದೂ ಗೆಹೆನ್ನವನ್ನು ನರಕವೆಂದೂ ಬೇರೆಬೇರೆ ಇಟ್ಟು ಈ ತೊಡಕಿನಿಂದ ಪಾರಾಯಿತು. ನಮ್ಮ ಪುರಾಣಗಳ ಪಾತಾಳದಲ್ಲಿರುವವರು ನಾಗರು, ದಾನವರು, ಸತ್ತವರಲ್ಲ. ಆದರೂ ಆಯ್ಕೆ ಕೆಟ್ಟದ್ದಲ್ಲ.

ಬೇಡವೆನ್ನುವವರ ವಾದಕ್ಕೆ ಆಧಾರವಿದೆ. ನಿಸೀಯದ ವಿಶ್ವಾಸಪ್ರಮಾಣದಲ್ಲಿ ಈ ಮಾತಿಲ್ಲ. ಕ್ರಿ.ಶ. 400ರ ಆಚೀಚೆ ಬರೆದ ರೂಫಿನಸ್, ತನ್ನ ಅಕ್ವಿಲೇಯ ಊರಿನ ಸಭೆ ಇದನ್ನು ಹೇಳುತ್ತದೆ, ರೋಮಿನ ಸಭೆ ಹೇಳುವುದಿಲ್ಲ ಎಂದು ಸ್ಪಷ್ಟವಾಗಿ ದಾಖಲಿಸಿದ್ದಾನೆ. ಹೂಳಲ್ಪಟ್ಟ ಎಂಬುದಕ್ಕಿಂತ ಹೆಚ್ಚಿನದೇನೂ ಇದರಲ್ಲಿ ಇದ್ದಂತಿಲ್ಲ ಎಂದೂ ಅವನಿಗೆ ಅನ್ನಿಸಿತ್ತು. ಅಮೆರಿಕದ ಮೆಥಡಿಸ್ಟರಿಗಾಗಿ 1784ರಲ್ಲಿ ಆಂಗ್ಲಿಕನ್ ಸೂತ್ರಗಳನ್ನು ಮೊಟಕುಗೊಳಿಸಿದಾಗ ಜಾನ್ ವೆಸ್ಲಿ ಇಳಿಯುವಿಕೆಯ ಸೂತ್ರವನ್ನೇ ತೆಗೆದ.

ಆದರೆ ಸೂತ್ರ ತಡವಾಗಿ ಬಂತೆಂದರೆ ಯೋಚನೆಯೂ ತಡವಾಗಿ ಬಂತೆಂದಲ್ಲ. ಪೇತ್ರನ ಮೊದಲ ಪತ್ರದ 3ನೆಯ ಅಧ್ಯಾಯ, ನೋಹನ ಕಾಲದಲ್ಲಿ ಅವಿಧೇಯರಾಗಿ ಸೆರೆಯಲ್ಲಿದ್ದ ಆತ್ಮಗಳಿಗೆ ಕ್ರಿಸ್ತ ಸಾರಿದನೆನ್ನುತ್ತದೆ. ಮುಂದಿನ ಅಧ್ಯಾಯ, ಸತ್ತವರಿಗೂ ಸುವಾರ್ತೆ ಮುಟ್ಟಿತೆನ್ನುತ್ತದೆ. ಅಗಸ್ಟೀನನಿಗೆ ಇದು ಕಸಿವಿಸಿ ತಂದಿತು; ಕ್ರಿಸ್ತನ ಆತ್ಮ ನೋಹನ ಕಾಲದಲ್ಲೇ, ಇನ್ನೂ ಬದುಕಿದ್ದವರಿಗೆ ಸಾರಿತೆಂದು ತಿರುವಿ ಓದಿದ. ಚತುರ ಓದು. ಚತುರತೆ ಬೇಕಾದದ್ದೇಕೆಂದರೆ ಸರಳ ಓದು ಬಾಗಿಲನ್ನು ತೀರಾ ಅಗಲ ತೆರೆಯುತ್ತಿತ್ತು. ಕ್ಯಾಲ್ವಿನ್ ಇನ್ನೊಂದು ದಾರಿ ಹಿಡಿದ: ದೇವರು ಕೈಬಿಟ್ಟನೆಂಬ ಸಂಕಟವನ್ನು ಶಿಲುಬೆಯ ಮೇಲೆ ಉಂಡದ್ದೇ ಆ ಇಳಿಯುವಿಕೆ. ಮನಸ್ಸು ಕಲಕುವ ಮಾತು, ನಿಜ. ಆದರೆ ಹಾಗೆಂದರೆ ಶನಿವಾರ ಮತ್ತೆ ಬರಿದಾಗುತ್ತದೆ.

ಶನಿವಾರ ಬರಿದಾಗಬಾರದು ಎಂಬುದೇ ನನ್ನ ವಾದ. ಕ್ರಿಸ್ತನೊಬ್ಬನಿಂದಲೇ ರಕ್ಷಣೆ ಎಂದು ಸಾರಿದ ಧರ್ಮಕ್ಕೆ ಮೊದಲ ದಿನದಿಂದಲೇ ಒಂದು ಪ್ರಶ್ನೆ ಕಾದಿತ್ತು: ಅವನು ಹುಟ್ಟುವ ಮೊದಲೇ ಸತ್ತವರ ಗತಿಯೇನು? ಈ ಪ್ರಶ್ನೆಯನ್ನು ಕಾಲಗರ್ಭಕ್ಕೆ ಬಿಟ್ಟು ಸುಮ್ಮನಿರಲು ವಿಶ್ವಾಸಿಗಳ ಮನಸ್ಸು ಒಪ್ಪಲಿಲ್ಲ. ಅವರು ಬರಲಾರರು, ಅವನೇ ಹೋದ ಎಂದಿತು.

ಪೂರ್ವದ ಸಭೆಗಳು ಇದನ್ನು ಬರೆದದ್ದಕ್ಕಿಂತ ಬಿಡಿಸಿದ್ದೇ ಚೆನ್ನ. ಇಸ್ತಾಂಬುಲ್‌ನ ಖೋರಾ ದೇಗುಲದಲ್ಲಿ 14ನೆಯ ಶತಮಾನದ ಆರಂಭದ ಭಿತ್ತಿಚಿತ್ರವಿದೆ. ಮುರಿದ ಕದಗಳು ಕಾಲಕೆಳಗೆ, ಬೀಗ ಬೀಗದ ಕೈಗಳು ಚೆಲ್ಲಾಪಿಲ್ಲಿ. ಬಿಳಿಯುಟ್ಟ ಕ್ರಿಸ್ತ ಒಂದು ಕೈಯಿಂದ ಆದಾಮನನ್ನು, ಇನ್ನೊಂದರಿಂದ ಹವ್ವಳನ್ನು ಗೋರಿಯಿಂದ ಎಳೆಯುತ್ತಿದ್ದಾನೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಮುಳುಗುವವನನ್ನು ಎತ್ತುವಾಗ ಅವನ ಹಿಡಿತವನ್ನು ನೆಚ್ಚಿಕೊಳ್ಳಲಾಗದು.

ಪಶ್ಚಿಮ ಮಾತ್ರ ಪಟ್ಟಿ ಮಾಡಲು ಕುಳಿತಿತು. ಬಿಡುಗಡೆಯಾದವರು ಅಬ್ರಹಾಮ, ಮೋಶೆಯಂಥ ನೀತಿವಂತರು. ಶಿಕ್ಷೆಗೊಳಗಾದವರು ಅಲ್ಲೇ ಉಳಿದರೆಂದು ಥಾಮಸ್ ಅಕ್ವೈನಸ್ ವಿಂಗಡಿಸಿದ. ಎಲ್ಲರೂ ಹೊರಬಂದರೆಂದು ನಾನೂ ಹೇಳಲಾರೆ, ಪೇತ್ರನ ಪತ್ರ ಅಷ್ಟು ದೂರ ಹೋಗುವುದಿಲ್ಲ. ಆದರೆ ಆ ಪತ್ರ ಹೆಸರಿಸಿದ್ದು ಅವಿಧೇಯರನ್ನು, ನೀತಿವಂತರನ್ನಲ್ಲ! ಪಟ್ಟಿ ಬರೆದವರು ಇದನ್ನು ಮರೆತರು. ಡಾಂಟೆಯ ಕಾವ್ಯದಲ್ಲಿ ವರ್ಜಿಲ್ ತಾನು ಕಂಡದ್ದನ್ನು ಹೇಳುತ್ತಾನೆ: ಒಬ್ಬ ಬಲಶಾಲಿ ಬಂದ, ಆದಾಮ, ನೋಹ, ಮೋಶೆ, ದಾವೀದರನ್ನು ಕರೆದೊಯ್ದ. ವರ್ಜಿಲ್ ಅಲ್ಲೇ ಉಳಿದ. ಅವನು ಸತ್ತದ್ದು ಕ್ರಿ.ಪೂ. 19ರಲ್ಲಿ, ಯೇಸು ಆಗಿನ್ನೂ ಹುಟ್ಟಿರಲಿಲ್ಲ.