ಸಫರ್ ತಿಂಗಳ ಕಡಲೆಯೂ ನಮ್ಮ ತೌಹೀದೂ

ಸಫರ್ ತಿಂಗಳು ಬಂತೆಂದರೆ ಉದಯಗಿರಿಯ ಕೆಲವು ಮನೆಗಳಲ್ಲಿ ಇಂದಿಗೂ ಒಂದು ಅಳುಕು ಆವರಿಸುತ್ತದೆ. ತಿಂಗಳ ಮೊದಲ 13 ದಿನಗಳಿಗೆ ‘ತೇರಾ ತೇಜಿ’ ಎಂದು ಹೆಸರಿಟ್ಟು, ಅವು ಭಾರವಾದ ದಿನಗಳೆಂದು ನಂಬಲಾಗುತ್ತದೆ. ನಿಕಾಹ್ ಮುಂದಕ್ಕೆ ಹೋಗುತ್ತದೆ. ಹೊಸ ಮನೆಯ ಬೀಗದ ಕೈ ಗೂಟದಲ್ಲೇ ನೇತಾಡುತ್ತದೆ. ಹದಿಮೂರನೆಯ ದಿನ ಕಡಲೆ, ಗೋಧಿ ಬೇಯಿಸಿ, ಫಾತಿಹಾ ಓದಿಸಿ ಹಂಚಿದರೆ ಬಲಾ ಕಳೆಯಿತು, ಮನೆಗೆ ಬರ್ಕತ್ ಬಂತು ಎಂಬ ಸಮಾಧಾನ.

ಈ ವಾಡಿಕೆ ಹಳೆಯದು, ನಿಜ. ದಖ್ಖನಿನ ಜಾಫರ್ ಶರೀಫರು ರಚಿಸಿ, 1832ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಅನುವಾದಗೊಂಡು ಪ್ರಕಟವಾದ ‘ಕಾನೂನ್-ಎ-ಇಸ್ಲಾಂ’ ಗ್ರಂಥದಲ್ಲೇ ಇದರ ವಿವರವಿದೆ. ತಟ್ಟೆಯಲ್ಲಿ ಉದ್ದು, ಅಕ್ಕಿ, ಗೋಧಿ, ಎಳ್ಳು. ನಡುವೆ ಎಣ್ಣೆಯ ಬಟ್ಟಲು. ಆ ಎಣ್ಣೆಯಲ್ಲಿ ಮುಖ ನೋಡಿಕೊಳ್ಳುವುದು. ಕಡಲೆ, ಗೋಧಿಗೆ ಸಕ್ಕರೆ, ಕೊಬ್ಬರಿ, ಗಸಗಸೆ ಬೆರೆಸಿ ಬೇಯಿಸಿ, ಒಂದಿಷ್ಟನ್ನು ಮಾಡಿನ ಮೇಲೆ ಎಸೆಯುವುದು. ಆದರೆ ಹಳೆಯದೆಂಬ ಮಾತ್ರಕ್ಕೆ ವಾಡಿಕೆಯು ದೀನ್ ಆಗುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರು ಆ 13 ದಿನಗಳಲ್ಲಿ ಅಸ್ವಸ್ಥರಾಗಿದ್ದರು ಎಂಬುದೇ ಇದಕ್ಕೆ ನೀಡಲಾಗುವ ಕಾರಣ. ಆದರೆ ಅವರ ಅಂತಿಮ ಅಸ್ವಸ್ಥತೆಯು ಹಿಜರಿ 11ರ ಸಫರ್‌ನ ಕೊನೆಯ ದಿನಗಳಲ್ಲಿ ಆರಂಭವಾಯಿತೆಂದೇ ಬಹುತೇಕ ಚರಿತ್ರಕಾರರು ಬರೆದಿದ್ದಾರೆ. ಅದಕ್ಕಿಂತ ಮಿಗಿಲಾಗಿ, ಸಫರ್‌ನಲ್ಲಿ ಅಪಶಕುನವಿದೆಯೆಂಬ ಅಜ್ಞಾನ ಕಾಲದ ನಂಬಿಕೆಯನ್ನು ಪ್ರವಾದಿ(ಸ)ಯವರೇ ಸ್ಪಷ್ಟವಾಗಿ ನಿರಾಕರಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಆ ವಚನ ವರದಿಯಾಗಿದೆ. ಅವರು ಅಳಿಸಿದ ಭಯವನ್ನು ಅವರ ಹೆಸರಿನಲ್ಲೇ ಮತ್ತೆ ಬರೆಯುವುದು ಯಾವ ಪ್ರೀತಿ?

‘ಬಡವರ ಹೊಟ್ಟೆ ತುಂಬುತ್ತದೆ, ಇದರಲ್ಲೇನು ಕೇಡು?’ ಎಂದು ಕೇಳುವವರಿದ್ದಾರೆ. ಕೇಡು ಕಡಲೆಯಲ್ಲಿಲ್ಲ, ಕಡಲೆಯ ಮೇಲಿಟ್ಟ ಭರವಸೆಯಲ್ಲಿದೆ. ದಿನವೊಂದು ಕೆಡುಕು ತರಬಲ್ಲದು, ಕಾಳೊಂದು ಅದನ್ನು ತಡೆಯಬಲ್ಲದು ಎಂದು ನಂಬಿದವನ ಹೃದಯದಲ್ಲಿ ಅಲ್ಲಾಹನಿಗೆ ಮೀಸಲಾದ ಸ್ಥಾನ ಹಂಚಿಹೋಗುತ್ತದೆ. ಮೇಲಾಗಿ, ಈ ಭಯದ ಬೆಲೆ ತೆರುವವರು ದುರ್ಬಲರೇ. ಸಫರ್‌ನಲ್ಲಿ ಬಂದ ಸೊಸೆಯ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಅವಳ ‘ಕಾಲ್ಗುಣ’ದ ಮಾತು ಏಳುತ್ತದೆ. ಫಿರ್ಔನನ ಜನರೂ ತಮಗೊದಗಿದ ಆಪತ್ತನ್ನು ಪ್ರವಾದಿ ಮೂಸಾ(ಅ)ರ ಅಪಶಕುನವೆಂದೇ ಹೇಳಿದ್ದರೆಂದು ಕುರ್‌ಆನ್ ತಿಳಿಸುತ್ತದೆ. ನಮ್ಮ ನಾಲಿಗೆ ಯಾರ ಮಾತನ್ನು ಆಡುತ್ತಿದೆ?

ಕಾಳಿನಲ್ಲಿ ಅದೃಷ್ಟ ಹುಡುಕುವ ಚಪಲ ನಮ್ಮ ಕೇರಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನವರಿ 1ರಂದು ಅಲಸಂದೆ ಕಾಳು, ಅಕ್ಕಿ ಸೇರಿಸಿ ಬೇಯಿಸಿ ತಿಂದರೆ ವರ್ಷವೆಲ್ಲ ಶುಭವೆಂಬ ನಂಬಿಕೆಯಿದೆ. ಅಲಸಂದೆಯು ಆಫ್ರಿಕಾದ ಕಾಳು. ಗುಲಾಮರನ್ನು ಹೊತ್ತ ಹಡಗುಗಳ ಕಾಲದಲ್ಲಿ ಅದು ಆ ನಾಡನ್ನು ಸೇರಿತು. ಹಾಗೆ ಸೆರೆಯಾಗಿ ಹೋದವರಲ್ಲಿ ಮುಸ್ಲಿಮರೂ ಅನೇಕರಿದ್ದರು. ಜಾರ್ಜಿಯಾದ ಸಪೆಲೊ ದ್ವೀಪದಲ್ಲಿ ಗುಲಾಮರಾಗಿದ್ದ ಬಿಲಾಲಿ ಮುಹಮ್ಮದರ ಮಗಳು ಮಾರ್ಗರೆಟ್, ವರ್ಷದ ಒಂದು ದಿನ ಅಕ್ಕಿಯ ಚಪ್ಪಟೆ ಬಿಲ್ಲೆ ಮಾಡಿ ಮಕ್ಕಳಿಗೆಲ್ಲ ಹಂಚುತ್ತಿದ್ದರೆಂದು ಅವರ ಮೊಮ್ಮಗಳು 1930ರ ದಶಕದಲ್ಲಿ ನೆನಪಿಸಿಕೊಂಡರು. ಆ ಬಿಲ್ಲೆಯ ಹೆಸರು ‘ಸರಾಕಾ’. ಅದು ‘ಸದಕಾ’ ಪದದ ರೂಪವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಒಡೆಯನ ಹೊಲದಲ್ಲಿ ದುಡಿದು, ಭಾಷೆಯನ್ನೂ ಹೆಸರನ್ನೂ ಕಳೆದುಕೊಂಡ ಆ ಕುಟುಂಬದ ಅಡುಗೆಮನೆಯಲ್ಲಿ ಉಳಿದ ಪದ ಸದಕಾ. ಸ್ವತಂತ್ರರಾಗಿರುವ, ಕೂಗಳತೆಯಲ್ಲೇ ಮಸೀದಿಯಿರುವ ನಮ್ಮ ಅಡುಗೆಮನೆಗಳಲ್ಲಿ ಉಳಿಯಬೇಕಾದುದು ‘ತೇರಾ ತೇಜಿ’ಯ ಭಯವೇ?

ಸಹೋದರ ಸಹೋದರಿಯರೇ, ಕಡಲೆ ಬೇಯಿಸುವುದನ್ನು ನಿಲ್ಲಿಸಿರೆಂದು ನಾವು ಹೇಳುತ್ತಿಲ್ಲ. ಇನ್ನೂ ದೊಡ್ಡ ಪಾತ್ರೆ ಇಡಿರಿ. ಆದರೆ ಅದಕ್ಕೆ ಹದಿಮೂರನೆಯ ತಾರೀಖನ್ನು ಕಾಯಬೇಡಿರಿ. ದಿನವಿಡೀ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ನೆರೆಮನೆಯ ವಿಧವೆಗೆ ಹಸಿವು ಪಂಚಾಂಗ ನೋಡಿ ಬರುವುದಿಲ್ಲ. ಅಲ್ಲಾಹನ ಸಂತೃಪ್ತಿಗಾಗಿ, ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸದೆ ದರಿದ್ರರಿಗೂ ಅನಾಥರಿಗೂ ಸೆರೆಯಾಳುಗಳಿಗೂ ಉಣಬಡಿಸುವವರನ್ನು ಸೂರಃ ಅಲ್ ಇನ್ಸಾನ್ ಪ್ರಶಂಸಿಸಿದೆ. ಆ ಉಣಬಡಿಸುವಿಕೆಗೆ ಅಲ್ಲಿ ತಾರೀಖಿನ ಕಟ್ಟಳೆಯಿಲ್ಲ.

ಈ ಸಫರ್‌ನಲ್ಲಿ ತಡೆದಿಟ್ಟ ನಿಕಾಹ್‌ಗಳು ನಡೆಯಲಿ, ಹೊಸ ಮನೆಗಳ ಬೀಗ ತೆರೆಯಲಿ. ಲಾಭನಷ್ಟಗಳ ಏಕೈಕ ಒಡೆಯನ ಮೇಲೆ ಮಾತ್ರ ಭರವಸೆಯಿಡುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.