ಸಮುದ್ರ ದಾಟಿ ಬಂದ ಸರಳ ಮಾತು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಹಿಂದೆ ರೇಡಿಯೋ ಇದ್ದ ಮನೆಯ ಹಿರಿಯರೊಡನೆ ‘ಬಿನಾಕಾ ಗೀತ್‌ಮಾಲಾ’ ಎಂದು ಹೇಳಿ ನೋಡಿ. ಬುಧವಾರ ರಾತ್ರಿ ಎಂಟು ಗಂಟೆಯೊಳಗೆ ಅಡುಗೆ ಕೆಲಸ ಮುಗಿಸಿ ಕುಳಿತದ್ದು ಯಾರಿಗಾದರೂ ನೆನಪಾಗಬಹುದು.

ಧಾರವಾಡದಲ್ಲಿ 1950ರಲ್ಲೇ ಆಕಾಶವಾಣಿ ಕೇಂದ್ರ ಆರಂಭವಾಗಿತ್ತು. ಹಾಗಿದ್ದೂ ಜನ ಸಿಲೋನಿನ ಕಡೆಗೆ ಮುಳ್ಳು ತಿರುಗಿಸಿದ್ದೇಕೆ? 1952ರಲ್ಲಿ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಚಿತ್ರಗೀತೆಗಳು ಆಕಾಶವಾಣಿಯಿಂದ ಮರೆಯಾದವು. ಅದೇ ವರ್ಷ ರೇಡಿಯೋ ಸಿಲೋನ್ ಗೀತ್‌ಮಾಲಾವನ್ನು ಶುರು ಮಾಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗಾಗಿ ಕೊಲಂಬೋದಲ್ಲಿ ನಡೆಸುತ್ತಿದ್ದ ಬಾನುಲಿಯ ಪ್ರಬಲ ಶಾರ್ಟ್‌ವೇವ್ ಪ್ರಸಾರಯಂತ್ರ ಯುದ್ಧದ ನಂತರ ಸಿಲೋನ್ ಸರಕಾರದ ಕೈಸೇರಿತ್ತು.

ಶಾರ್ಟ್‌ವೇವ್ ಅಲೆಗಳು ಮೇಲಕ್ಕೇರಿ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳಕ್ಕೆ ತಾಗಿ ಬಾಗಿ, ದೂರದ ನೆಲಕ್ಕೆ ಮರಳುತ್ತವೆ. ಆದ್ದರಿಂದಲೇ ಸಮುದ್ರದಾಚೆಯ ಧ್ವನಿ ನಮ್ಮ ಊರಿಗೂ ಇಳಿಯಿತು. ಆ ಪದರ ಸದಾ ಬದಲಾಗುತ್ತಿರುವುದರಿಂದ ಹಾಡು ಒಮ್ಮೆ ಜೋರಾಗಿ, ಒಮ್ಮೆ ಕ್ಷೀಣವಾಗಿ ಕೇಳಿಸುತ್ತಿತ್ತು.

ಸ್ವಾರಸ್ಯವೆಂದರೆ, ನಿರೂಪಕ ಅಮೀನ್ ಸಯಾನಿ ಸಿಲೋನಿನಲ್ಲಿ ಇರಲೇ ಇಲ್ಲ. ಮುಂಬಯಿಯಲ್ಲಿ ಧ್ವನಿಮುದ್ರಿಸಿದ ಟೇಪುಗಳು ವಿಮಾನದಲ್ಲಿ ಕೊಲಂಬೋಗೆ ಹೋಗುತ್ತಿದ್ದವು. ಮುಂಬಯಿಯ ಮಾತು ಸಿಲೋನನ್ನು ಸುತ್ತಿ ಸವಣೂರಿಗೆ ಬರುತ್ತಿತ್ತು!

ಆ ಮಾತು ಅಷ್ಟು ಆಪ್ತವೆನಿಸಿದ್ದು ಹೇಗೆ? ಇದಕ್ಕೆ ಉತ್ತರ ಅವರ ತಾಯಿ ಕುಲ್ಸುಮ್ ಸಯಾನಿಯವರಲ್ಲಿದೆ. ವಯಸ್ಕರ ಶಿಕ್ಷಣಕ್ಕಾಗಿ ದುಡಿದ ಅವರು, ಗಾಂಧೀಜಿಯವರ ಸಲಹೆಯಂತೆ, ಹೊಸದಾಗಿ ಓದಲು ಕಲಿತವರಿಗಾಗಿ ‘ರಹ್‌ಬರ್’ ಎಂಬ ಪಾಕ್ಷಿಕ ನಡೆಸಿದರು. ಅದರ ಭಾಷೆ ಸರಳ ಹಿಂದೂಸ್ತಾನಿ. ಅಚ್ಚಾಗುತ್ತಿದ್ದುದು ಮಾತ್ರ ದೇವನಾಗರಿ, ಉರ್ದು, ಗುಜರಾತಿ ಎಂಬ ಮೂರು ಲಿಪಿಗಳಲ್ಲಿ. ಬಾಲಕ ಅಮೀನ್ ಆ ಕೆಲಸದಲ್ಲಿ ತಾಯಿಗೆ ನೆರವಾಗುತ್ತಿದ್ದರು. ಎಲ್ಲರಿಗೂ ಅರ್ಥವಾಗುವಂತೆ ಮಾತಾಡುವುದನ್ನು ಅಲ್ಲೇ ಕಲಿತೆನೆಂದು ಅವರು ನೆನೆಯುತ್ತಿದ್ದರು. ಕುಲ್ಸುಮ್ ಅವರಿಗೆ ಪದ್ಮಶ್ರೀ ಬಂತು.

ಗೀತ್‌ಮಾಲಾ 1989ರಲ್ಲಿ ವಿವಿಧ ಭಾರತಿಗೆ ಬಂತು. ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ, 91ನೇ ವಯಸ್ಸಿನಲ್ಲಿ ನಿಧನರಾದರು.

ಸಹೋದರಿಯರೇ, ಅಕ್ಷರ ಬಾರದ ಎಷ್ಟೋ ತಾಯಂದಿರಿಗೆ ಹೊರಗಿನ ಲೋಕ ತೆರೆದುಕೊಂಡದ್ದು ಕಿವಿಯ ಮೂಲಕ. ಯಂತ್ರ ಧ್ವನಿಯನ್ನು ಅವರ ಮನೆಯವರೆಗೆ ತಂದಿತು; ಅದನ್ನು ಮನಸ್ಸಿಗೆ ಮುಟ್ಟಿಸಿದ್ದು ಸರಳ ಮಾತು. ಆ ಮಾತನ್ನು ಕಲಿಸಿದವಳು ಒಬ್ಬ ತಾಯಿ. ನಮ್ಮ ಮಕ್ಕಳೂ ನಾಳೆ ನಾಲ್ಕು ಜನರೆದುರು ಮಾತಾಡುವವರೇ. ಅವರ ಮೊದಲ ಪಾಠ ಇಂದು ನಮ್ಮ ಅಡುಗೆಮನೆಯಲ್ಲೇ ನಡೆಯುತ್ತಿದೆ.